ಸಂಜೆಯಾದರೆ ಸಾಕು, ಮಗು ಅಳುತ್ತದೆ: ಕೋಲಿಕ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮುಂಬೈಯ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ 28 ವರ್ಷ ನರ್ಸ್ ಆಗಿದ್ದೆ. ಈಗ ರಿಟೈರ್ ಆಗಿ ಡೊಂಬಿವಲಿಯ ಮನೆಯಲ್ಲಿದ್ದೇನೆ. ಸಂಜೆ ಏಳು ದಾಟಿತು ಅಂದರೆ ಮುಲುಂಡ್, ಮೀರಾ ರೋಡ್, ಥಾಣೆ, ನವಿ ಮುಂಬೈ ಕಡೆಯ ಯಾವುದಾದರೂ ಕನ್ನಡದ ಮನೆಯಿಂದ ಫೋನ್ ಬರುತ್ತದೆ. ಮೊದಲು ಮಗುವಿನ ಅಳು ಕೇಳುತ್ತದೆ, ಆಮೇಲೆ ತಾಯಿಯ ಧ್ವನಿ. "ಅಕ್ಕಾ, ಎರಡು ಗಂಟೆಯಿಂದ ಒಂದೇ ಸಮನೆ ಅಳ್ತಾ ಇದೆ. ಏನ್ ಮಾಡ್ಲಿ?" ಅವರೆಲ್ಲ ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ.

ಕೋಲಿಕ್ ಅಂದರೆ ಏನು? ಸಾಮಾನ್ಯ ಅಳುವಿಗೂ ಅದಕ್ಕೂ ಏನು ವ್ಯತ್ಯಾಸ?

ಮಗು ಹಾಲು ಕುಡಿದಿದೆ. ಲಂಗೋಟಿ ಒದ್ದೆ ಇಲ್ಲ. ಜ್ವರ ಇಲ್ಲ, ತೂಕವೂ ಏರುತ್ತಿದೆ. ಆದರೂ ಗಂಟೆಗಟ್ಟಲೆ ಅಳುತ್ತದೆ, ಏನು ಮಾಡಿದರೂ ನಿಲ್ಲಿಸುವುದಿಲ್ಲ. ಇದಕ್ಕೆ ಕೋಲಿಕ್ ಅನ್ನುತ್ತಾರೆ. 1954ರಲ್ಲಿ ಅಮೆರಿಕದ ಮಕ್ಕಳ ಡಾಕ್ಟರ್ ಮೋರಿಸ್ ವೆಸೆಲ್ ಮತ್ತು ಅವರ ಜೊತೆಯವರು ಮೂರರ ಲೆಕ್ಕ ಕೊಟ್ಟರು: ದಿನಕ್ಕೆ 3 ಗಂಟೆಗಿಂತ ಜಾಸ್ತಿ, ವಾರದಲ್ಲಿ 3 ದಿನಕ್ಕಿಂತ ಜಾಸ್ತಿ, ಹೀಗೇ 3 ವಾರಕ್ಕಿಂತ ಜಾಸ್ತಿ. ಈಗ ಯಾವ ಡಾಕ್ಟರೂ ಗಡಿಯಾರ ಹಿಡಿದು ಮೂರು ವಾರ ಕಾಯುವುದಿಲ್ಲ. ಐದು ತಿಂಗಳೊಳಗಿನ ಮಗು, ಕಾರಣ ಕಾಣದ ಉದ್ದನೆಯ ಅಳು, ಬೇರೆ ಕಾಯಿಲೆಯ ಗುರುತಿಲ್ಲ ಅಂದರೆ ಸಾಕು.

ಎಷ್ಟು ದಿನ ಇರುತ್ತದೆ?

ಎರಡು ಮೂರು ವಾರಕ್ಕೆ ಶುರು. ಆರನೇ ವಾರದ ಹೊತ್ತಿಗೆ ವಿಪರೀತ. ಆಮೇಲೆ ಇಳಿಯುತ್ತಾ ಬಂದು ಮೂರು ನಾಲ್ಕು ತಿಂಗಳಿಗೆ ತಾನಾಗಿ ಹೋಗುತ್ತದೆ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಾದರೆ ಹುಟ್ಟಿದ ದಿನದಿಂದ ಎಣಿಸಬೇಡಿ, ಡಾಕ್ಟರ್ ಹೆರಿಗೆಗೆ ಕೊಟ್ಟಿದ್ದ ತಾರೀಖಿನಿಂದ ಎಣಿಸಿ.

ಕೋಲಿಕ್ ಇಲ್ಲದ ಮಕ್ಕಳೂ ಈ ವಯಸ್ಸಿನಲ್ಲಿ ಕಡಿಮೆ ಏನೂ ಅಳುವುದಿಲ್ಲ. 1962ರಲ್ಲಿ ಡಾಕ್ಟರ್ ಬ್ರೇಝಲ್ಟನ್ 80 ಆರೋಗ್ಯವಂತ ಮಕ್ಕಳ ಅಳುವನ್ನು ತಾಯಂದಿರಿಂದ ದಿನಾ ಬರೆಸಿದರು. ಆರನೇ ವಾರದಲ್ಲಿ ಸರಾಸರಿ ದಿನಕ್ಕೆ ಎರಡೂಮುಕ್ಕಾಲು ಗಂಟೆ ಬಂತು. ಕೋಲಿಕ್ ಮಗು ಇದೇ ದಾರಿಯಲ್ಲಿ ಇನ್ನಷ್ಟು ಜೋರಾಗಿ ಹೋಗುತ್ತದೆ, ಅಷ್ಟೆ.

ನನ್ನ ಹಾಲು ಸಾಲುತ್ತಿಲ್ಲ ಅಂತ ಮನೆಯವರೆಲ್ಲ ಹೇಳುತ್ತಾರೆ. ನಿಜವಾ?

ಈ ಪ್ರಶ್ನೆಗೆ ನಾನು ಬೇಕಾದಷ್ಟು ಹೊತ್ತು ಉತ್ತರ ಕೊಡುತ್ತೇನೆ. ಕೋಲಿಕ್‌ನಿಂದ ಮಗುವಿಗೆ ತೊಂದರೆ ಆದದ್ದನ್ನು ನಾನು ಕಂಡಿಲ್ಲ. ಈ ಒಂದು ಮಾತಿನಿಂದ ಎದೆಹಾಲು ನಿಂತು ಹೋದ ಮನೆಗಳನ್ನು ತುಂಬಾ ಕಂಡಿದ್ದೇನೆ.

ಮಗು ಅತ್ತಿತು, "ಹಾಲು ಸಾಲದು" ಅಂದರು, ಡಬ್ಬದ ಹಾಲು ಬಂತು. ಬಾಟಲಿ ಕುಡಿದ ಮಗು ಎದೆ ಚೀಪುವುದು ಕಡಿಮೆ ಮಾಡಿತು. ಚೀಪದಿದ್ದರೆ ಹಾಲು ಇಳಿಯುವುದಿಲ್ಲ. ಎರಡು ವಾರದಲ್ಲಿ ಹಾಲು ನಿಜವಾಗಿಯೂ ಸಾಲದೇ ಹೋಯಿತು. ಮಗುವಿನ ಅಳು ಮಾತ್ರ ನಿಲ್ಲಲಿಲ್ಲ. ಯಾಕೆಂದರೆ ಡಬ್ಬದ ಹಾಲು ಕುಡಿಯುವ ಮಕ್ಕಳಿಗೂ ಕೋಲಿಕ್ ಅಷ್ಟೇ ಬರುತ್ತದೆ.

ಹಾಲು ಸಾಲುತ್ತಿದೆಯಾ ಅನ್ನುವುದಕ್ಕೆ ಅಳು ಅಳತೆಯಲ್ಲ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಅಥವಾ ಹೆಚ್ಚು ಸಲ ಚೆನ್ನಾಗಿ ಉಚ್ಚೆ ಹೊಯ್ಯುತ್ತಿದೆಯಾ? ತೂಕ ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಲೆಕ್ಕದಲ್ಲಿ ಏರುತ್ತಿದೆಯಾ? ಹಾಗಿದ್ದರೆ ನಿಮ್ಮ ಹಾಲು ಸಾಕು. ಮನೆಯ ಅಡುಗೆ ತಕ್ಕಡಿಯಲ್ಲಿ ದಿನಾ ತೂಗಬೇಡಿ, ವಾರಕ್ಕೊಮ್ಮೆ ದವಾಖಾನೆಯ ಒಂದೇ ತಕ್ಕಡಿಯಲ್ಲಿ ತೂಗಿಸಿದರೆ ಸಾಕು. ತೂಕ ಏರುತ್ತಿಲ್ಲ ಅಂದರೆ ಅದು ಬೇರೆ ವಿಷಯ, ತಡಮಾಡದೆ ಡಾಕ್ಟರನ್ನು ಕಾಣಿ.

ನಾನು ಬಾಣಂತಿಯಾದಾಗ ನಾವು ಮುಲುಂಡಿನಲ್ಲಿ ಒಂದು ರೂಮ್ ಕಿಚನ್ ಮನೆಯಲ್ಲಿದ್ದೆವು. ನನ್ನ ಮಗ ಐದನೇ ವಾರದಿಂದ ಅಳಲು ಶುರುಮಾಡಿದ. ವಾರ್ಡಿನಲ್ಲಿ ಎಷ್ಟೋ ತಾಯಂದಿರಿಗೆ ಧೈರ್ಯ ಹೇಳಿದವಳು ನಾನು. ಆದರೂ ಒಂದು ರಾತ್ರಿ ಗಂಡನನ್ನು ಎಬ್ಬಿಸಿ ಡಬ್ಬ ತರಿಸಿದೆ. ಮಗು ಕುಡಿಯಿತು, ಕಕ್ಕಿತು, ಮತ್ತೆ ಅತ್ತಿತು. ಬೆಳಗ್ಗೆ ತೂಗಿದರೆ ಆ ವಾರ 200 ಗ್ರಾಂ ಏರಿದ್ದ. ಓದಿ ತಿಳಿದವಳಿಗೇ ಹೀಗಾದರೆ, ಮೊದಲ ಬಾಣಂತನದ ಹುಡುಗಿಗೆ ಸುತ್ತ ನಾಲ್ಕು ಜನ ಹಾಗೆ ಹೇಳಿದಾಗ ಏನಾಗಬಹುದು ಅಂತ ಅತ್ತೆಯಂದಿರು, ಅಮ್ಮಂದಿರು ದಯವಿಟ್ಟು ಯೋಚಿಸಬೇಕು.

ಕಾಲು ಹೊಟ್ಟೆಗೆ ಮಡಚಿ, ಕೆಂಪಗಾಗಿ ಅಳುತ್ತದೆ. ಇದು ಗ್ಯಾಸ್ ಅಲ್ವಾ?

ಜೋರಾಗಿ ಅಳುವ ಯಾವ ಎಳೆ ಮಗುವೂ ಕಾಲು ಮಡಚುತ್ತದೆ, ಮುಷ್ಟಿ ಬಿಗಿಯುತ್ತದೆ, ಹೊಟ್ಟೆ ಗಟ್ಟಿ ಮಾಡುತ್ತದೆ. ಅಳುವಾಗ ಗಾಳಿ ನುಂಗುತ್ತದೆ, ಆ ಗಾಳಿ ಆಮೇಲೆ ಹೂಸಾಗಿ ಹೋಗುತ್ತದೆ. ನಾವು ಅದನ್ನು ನೋಡಿ ಗ್ಯಾಸ್ ಇದ್ದದ್ದಕ್ಕೇ ಅತ್ತಿತು ಅಂದುಕೊಳ್ಳುತ್ತೇವೆ. ಕೋಲಿಕ್‌ಗೆ ಇದೇ ಕಾರಣ ಅಂತ ಒಂದನ್ನು ಯಾರೂ ಬೆರಳಿಟ್ಟು ತೋರಿಸಿಲ್ಲ. ಕರುಳಿನಲ್ಲಿ ನೆಲೆಸುತ್ತಿರುವ ಸೂಕ್ಷ್ಮಜೀವಿಗಳು, ಇನ್ನೂ ಬಲಿಯದ ನರಗಳು, ದಣಿವು, ಎಲ್ಲ ಸೇರಿರಬಹುದು.

ಹಾಲು ಕುಡಿಸಿದ ಮೇಲೆ ತೇಗಿಸಿ, ಅದು ಒಳ್ಳೆಯದೇ. ಮಲ ಹಸಿರಾಗಿ ನೊರೆ ನೊರೆಯಾಗಿ ಹೋಗುತ್ತಿದ್ದು, ಹಾಲೂ ಧಾರಾಳ ಇದ್ದರೆ, ಒಂದು ಕಡೆಯದನ್ನು ಪೂರ್ತಿ ಕುಡಿದು ಮುಗಿಸಿದ ಮೇಲೇ ಇನ್ನೊಂದು ಕಡೆ ಕೊಡಿ.

ಸಂಜೆಯೇ ಯಾಕೆ?

ಹಗಲು ರಾತ್ರಿಯ ಲೆಕ್ಕ ಮಗುವಿನ ಮೈಗೆ ಹತ್ತಲು ಎರಡು ಮೂರು ತಿಂಗಳು ಬೇಕು. ದಿನವಿಡೀ ಕಂಡ ಬೆಳಕು, ಕೇಳಿದ ಸದ್ದು, ಕೈಯಿಂದ ಕೈಗೆ ಹೋದ ಸುಸ್ತು, ಎಲ್ಲ ಸಂಜೆಗೆ ಸೇರಿಕೊಳ್ಳುತ್ತದೆ. ನಮ್ಮ ಮನೆಗಳನ್ನು ನೋಡಿ: ಸಂಜೆ ಏಳಕ್ಕೆ ಕುಕ್ಕರ್ ಸೀಟಿ, ಟೀವಿ ಸೀರಿಯಲ್, ಮಗು ನೋಡಲು ಬಂದ ನೆಂಟರು, ಲೋಕಲ್ ಇಳಿದು ಬಂದ ಅಪ್ಪ, ಎಲ್ಲ ಒಟ್ಟಿಗೆ. ಐದು ಗಂಟೆಯಿಂದಲೇ ಒಂದು ಕೋಣೆಯನ್ನು ಮಬ್ಬಾಗಿ, ತಣ್ಣಗೆ ಇಟ್ಟು ನೋಡಿ.

ಅಳುವ ಹೊತ್ತಿಗೆ ಏನು ಮಾಡಬೇಕು?

ಮೊದಲು ಬಟ್ಟೆ ಬಿಚ್ಚಿ ಅಡಿಯಿಂದ ಮುಡಿಯವರೆಗೆ ನೋಡಿ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಒಂದು ಸಲ ಎರಡೂವರೆ ತಿಂಗಳ ಮಗುವನ್ನು ಕೋಲಿಕ್ ಅಂತ ನಮ್ಮ ವಾರ್ಡಿಗೆ ತಂದರು. ಅಳು ಎಂದಿನಂತಿರಲಿಲ್ಲ, ನಿಲ್ಲುತ್ತಲೇ ಇರಲಿಲ್ಲ. ಕಾಲುಚೀಲ ತೆಗೆದೆ. ಎಡಗಾಲಿನ ಮೂರನೇ ಬೆರಳು ಬುಡದಿಂದ ತುದಿಯವರೆಗೆ ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಬುಡದಲ್ಲಿ ಗೆರೆ ಎಳೆದ ಹಾಗೆ ಒಂದು ತಗ್ಗು. ದೀಪದ ಕೆಳಗೆ ಹಿಡಿದು ನೋಡಿದರೆ ತಾಯಿಯ ತಲೆಗೂದಲು, ನಾಲ್ಕು ಸುತ್ತು. ಡಾಕ್ಟರ್ ಕತ್ತರಿಸಿ ತೆಗೆದರು, ಬೆರಳು ಉಳಿಯಿತು. ಹೆರಿಗೆಯಾಗಿ ಎರಡು ಮೂರು ತಿಂಗಳಿಗೆ ಕೂದಲು ಉದುರುವುದು ಜಾಸ್ತಿ. ಕೈಬೆರಳು, ಕಾಲ್ಬೆರಳು, ಗಂಡುಮಗುವಾದರೆ ಜನನಾಂಗ, ಎಲ್ಲವನ್ನೂ ನೋಡಿ. ತೊಡೆಸಂದಿಯಲ್ಲಿ ಗಟ್ಟಿ ಉಬ್ಬು ಇದೆಯಾ ಅಂತಲೂ ನೋಡಿ.

ಏನೂ ಇಲ್ಲದಿದ್ದರೆ ಎತ್ತಿಕೊಂಡು ನಡೆಯಿರಿ. ಎತ್ತಿಕೊಂಡರೆ ಅಭ್ಯಾಸ ಆಗುತ್ತದೆ ಅನ್ನುವುದು ಈ ವಯಸ್ಸಿಗೆ ಸುಳ್ಳು. ಜಪಾನಿನ ರಿಕೆನ್ ಸಂಸ್ಥೆಯವರು 2022ರಲ್ಲಿ ಪ್ರಕಟಿಸಿದ ಕೆಲಸವೊಂದರಲ್ಲಿ ಐದು ನಿಮಿಷ ನಿಲ್ಲದೆ ನಡೆದರೆ ಅಳುವ ಮಕ್ಕಳು ಸುಮ್ಮನಾದರು, ಕೆಲವು ನಿದ್ದೆಯನ್ನೇ ಮಾಡಿದವು. ನಿದ್ದೆ ಹತ್ತಿದ ಕೂಡಲೇ ಮಲಗಿಸಿದರೆ ಎಚ್ಚರ ಆಗುತ್ತಿತ್ತು. ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕೂತು ಆಮೇಲೆ ಮಲಗಿಸಿದರೆ ನಿದ್ದೆ ಉಳಿಯುತ್ತಿತ್ತು. ಅದರಲ್ಲಿದ್ದದ್ದು ಬರೀ 21 ಮಕ್ಕಳು. ಆದರೆ ನಮ್ಮ ಅಜ್ಜಿಯರು ಮಗುವನ್ನು ಹೆಗಲಿಗೆ ಹಾಕಿಕೊಂಡು ಜಗಲಿಯಲ್ಲಿ ಓಡಾಡುತ್ತಿದ್ದದ್ದೂ ಇದನ್ನೇ ಅಲ್ವಾ?

ಮುಂಗೈ ಮೇಲೆ ಮಗುವನ್ನು ಬೋರಲಾಗಿ ಮಲಗಿಸಿ, ಕೆನ್ನೆ ನಿಮ್ಮ ಮೊಣಕೈ ಹತ್ತಿರ ಬರುವ ಹಾಗೆ ಹಿಡಿದು, ಇನ್ನೊಂದು ಕೈಯಿಂದ ಬೆನ್ನು ತಟ್ಟಿ. ಇದು ಅಪ್ಪಂದಿರ ಕೈಗೆ ಚೆನ್ನಾಗಿ ಕೂರುತ್ತದೆ. ಆದರೆ ಬೋರಲು ಮಲಗಿಸುವುದು ನಿಮ್ಮ ಕೈಯ ಮೇಲೆ, ನೀವು ಎಚ್ಚರ ಇರುವಾಗ ಮಾತ್ರ. ನಿದ್ದೆಗೆ ಯಾವಾಗಲೂ ಅಂಗಾತ, ಗಟ್ಟಿ ಹಾಸಿಗೆ, ಪಕ್ಕದಲ್ಲಿ ದಿಂಬು ರಜಾಯಿ ಇರಬಾರದು.

ಬಟ್ಟೆಯಲ್ಲಿ ಸುತ್ತುವುದು ಕೆಲವು ಮಕ್ಕಳಿಗೆ ಹಿಡಿಸುತ್ತದೆ. ಎದೆಯ ಹತ್ತಿರ ಬಿಗಿ, ಸೊಂಟದ ಕೆಳಗೆ ಸಡಿಲ ಇರಲಿ, ಕಾಲು ಕಪ್ಪೆಯ ಹಾಗೆ ಅಗಲ ಆಗಬೇಕು. ಮುಂಬೈಯ ಸೆಕೆಗೆ ತೆಳ್ಳನೆಯ ಮಲ್‌ಮಲ್ ಬಟ್ಟೆ ಒಂದೇ ಸುತ್ತು ಸಾಕು. ಮೇ ತಿಂಗಳಲ್ಲಿ ಉಲ್ಲನ್ ಟೊಪ್ಪಿ, ಸ್ವೆಟರ್ ಹಾಕಿದ ಮಕ್ಕಳು ಸೆಕೆಗೇ ಅಳುತ್ತವೆ. ಕತ್ತಿನ ಹಿಂದೆ ಕೈಯಿಟ್ಟು ಬೆವರಿದೆಯಾ ನೋಡಿ. ಮಗು ಮಗುಚಲು ನೋಡುತ್ತಿದೆ ಅಂದರೆ ಸುತ್ತುವುದು ನಿಲ್ಲಿಸಿ.

ಒಂದೇ ಸಮನೆಯ ಸದ್ದು ಕೆಲಸ ಮಾಡುತ್ತದೆ: ಫ್ಯಾನ್, ಬಾತ್‌ರೂಮಿನ ನಲ್ಲಿ, ನಿಮ್ಮ "ಶ್ಶ್ಶ್". ಮಗು ಒಂಬತ್ತು ತಿಂಗಳು ಒಳಗೆ ಕೇಳಿದ್ದು ಇಂಥದ್ದನ್ನೇ. ಮೊಬೈಲಿನಲ್ಲಿ ಹಾಕುವುದಾದರೆ ಕಿವಿಯ ಪಕ್ಕ ಇಡಬೇಡಿ, ಕೋಣೆಯ ಆ ತುದಿಯಲ್ಲಿ ಮೆಲ್ಲಗೆ ಇರಲಿ. ಉಗುರು ಬೆಚ್ಚಗಿನ ನೀರಿನ ಸ್ನಾನ, ಹೊಟ್ಟೆಯ ಮೇಲೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಹಗುರವಾಗಿ ಎಣ್ಣೆ ಕೈ, ಕಾಲು ಹಿಡಿದು ಸೈಕಲ್ ತುಳಿಸುವುದು, ಇವೂ ಇವೆ. ಒಂದನ್ನು ಹತ್ತು ನಿಮಿಷವಾದರೂ ಮಾಡಿ ನೋಡಿ. ನಿಮಿಷಕ್ಕೊಂದು ಬದಲಿಸಿದರೆ ಮಗುವಿಗೆ ಇನ್ನೂ ಗಾಬರಿ. ಏನು ಮಾಡಿದರೂ ನಿಲ್ಲದ ದಿನಗಳೂ ಇರುತ್ತವೆ. ಆ ದಿನ ಮಗು ನಿಮ್ಮ ತೋಳಿನಲ್ಲಿ ಅಳುತ್ತಿದೆ ಅನ್ನುವುದೇ ದೊಡ್ಡದು.

ಗ್ರೈಪ್ ವಾಟರ್ ಕೊಡಬಹುದಾ? ನಾವೆಲ್ಲ ಕುಡಿದೇ ಬೆಳೆದವರು.

ನಾನೂ ಕುಡಿದಿದ್ದೇನೆ. ಅದು ಹುಟ್ಟಿದ್ದು 1851ರಲ್ಲಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ, ವಿಲಿಯಂ ವುಡ್‌ವರ್ಡ್ ಅನ್ನುವ ಔಷಧ ವ್ಯಾಪಾರಿಯ ಕೈಯಲ್ಲಿ. ಆಗ ಅದರಲ್ಲಿ ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆಯ ಜೊತೆ ಮದ್ಯಸಾರವೂ ಇತ್ತು. ಮಕ್ಕಳು ಸುಮ್ಮನಾದದ್ದರಲ್ಲಿ ಆಶ್ಚರ್ಯವೇನಿಲ್ಲ. ಈಗ ಮದ್ಯ ಇಲ್ಲ. ಸಿಹಿ ನಾಲಿಗೆಗೆ ತಾಗಿದಾಗ ಮಗು ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ, ಅಷ್ಟೇ. ಕೋಲಿಕ್ ಕಡಿಮೆ ಮಾಡುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ. ಜೇನಂತೂ ಒಂದು ವರ್ಷದವರೆಗೆ ನೆಕ್ಕಿಸಲೇಬೇಡಿ. ಅದರಿಂದ ಬಾಟುಲಿಸಂ ಅನ್ನುವ, ಜೀವಕ್ಕೇ ಅಪಾಯ ತರುವ ಕಾಯಿಲೆ ಬರಬಹುದು.

ಮೆಡಿಕಲ್ ಅಂಗಡಿಯವರು ಡ್ರಾಪ್ಸ್ ಕೊಟ್ಟರು. ಹಾಕಲಾ?

ಬಾಟಲಿಯ ಹಿಂದೆ ಏನು ಬರೆದಿದೆ ಓದಿ. ಡೈಸೈಕ್ಲೋಮಿನ್ ಅಂತ ಇದ್ದರೆ ಆರು ತಿಂಗಳೊಳಗಿನ ಮಗುವಿಗೆ ಹಾಕಲೇಬೇಡಿ. ಉಸಿರು ನಿಲ್ಲುವುದು, ಫಿಟ್ಸ್ ಬರುವುದು ಅದರಿಂದ ಆಗಿದೆ. ಸಿಮೆಥಿಕೋನ್ ಅಂತಿದ್ದರೆ ಅಪಾಯ ಕಡಿಮೆ, ಆದರೆ ಪ್ರಯೋಗಗಳಲ್ಲಿ ಅದು ಔಷಧವೇ ಇಲ್ಲದ ಹುಸಿ ಡ್ರಾಪ್ಸ್‌ಗಿಂತ ಮೇಲು ಅಂತ ಕಂಡಿಲ್ಲ. ಲ್ಯಾಕ್ಟೋಬ್ಯಾಸಿಲಸ್ ರೂಟೆರಿ ಅನ್ನುವ ಪ್ರೋಬಯಾಟಿಕ್ (ಕರುಳಿಗೆ ಒಳ್ಳೆಯ ಸೂಕ್ಷ್ಮಜೀವಿ) ಎದೆಹಾಲು ಕುಡಿಯುವ ಮಕ್ಕಳಲ್ಲಿ ಅಳುವ ಹೊತ್ತನ್ನು ಸ್ವಲ್ಪ ಇಳಿಸಬಹುದು. ಅದನ್ನೂ ಡಾಕ್ಟರನ್ನು ಕೇಳಿಯೇ ಕೊಡಿ.

ಅತ್ತೆ ಬಜೆ, ಜಾಯಿಕಾಯಿಯ ಗುಟ್ಟಿ ತೇಯುತ್ತಾರೆ. ಎಣ್ಣೆ ಮಾಲಿಶ್ ಮಾಡುವ ಹೆಂಗಸು ಧುರಿ (ಹೊಗೆ) ಹಾಕುತ್ತಾಳೆ. ಇಂಗು ಹಚ್ಚುತ್ತಾರೆ. ಯಾವುದು ಸರಿ?

ಇವೆಲ್ಲ ಪ್ರೀತಿಯಿಂದಲೇ ಬರುತ್ತವೆ, ಅದಕ್ಕೇ ಬೇಡ ಅನ್ನುವುದು ಕಷ್ಟ. ಮಾಲಿಶ್ ಇರಲಿ, ಹಗುರ ಕೈಯಿಂದ. ಕಾಲು ಹಿಡಿದು ತಲೆಕೆಳಗೆ ಮಾಡುವುದು, ಮೂಗಿಗೆ ಕಿವಿಗೆ ಎಣ್ಣೆ ಬಿಡುವುದು ಬೇಡ. ಇಂಗನ್ನು ನೀರಲ್ಲಿ ಕಲಸಿ ಹೊಕ್ಕುಳ ಸುತ್ತ ಹಚ್ಚುವುದಕ್ಕೆ ನಾನು ಜಗಳ ಮಾಡುವುದಿಲ್ಲ. ಹೊಕ್ಕುಳ ಒಣಗಿರಬೇಕು, ಚರ್ಮ ಕೆಂಪಾದರೆ ನಿಲ್ಲಿಸಬೇಕು. ಬಾಯಿಗೆ ಮಾತ್ರ ಇಂಗು ಹೋಗಬಾರದು, ಅದರಿಂದ ಎಳೆ ಮಗುವಿನ ರಕ್ತ ಆಮ್ಲಜನಕ ಹೊರಲಾರದೆ ಮೈ ನೀಲಿಯಾದ ಉದಾಹರಣೆ ಇದೆ. ಬಜೆ, ಜಾಯಿಕಾಯಿ, ಅಳಲೆಕಾಯಿ ತೇಯ್ದ ಗುಟ್ಟಿಯೂ ಬೇಡ. ಸಾಣೆಕಲ್ಲಿನ ಮೇಲೆ ಎಷ್ಟು ಸುತ್ತು ತೇಯ್ದರೆ ಎಷ್ಟು ಮದ್ದು ಅಂತ ಯಾರಿಗೂ ಲೆಕ್ಕ ಸಿಗುವುದಿಲ್ಲ. ಅದೇ ಕಲ್ಲಿನ ಕೊಳೆ ಭೇದಿ ತರುತ್ತದೆ.

ಧುರಿ, ಲೋಬಾನದ ಹೊಗೆ, ದೃಷ್ಟಿ ತೆಗೆದು ಮೆಣಸಿನಕಾಯಿ ಸುಡುವುದು, ಇವನ್ನು ಮಗುವಿನ ಕೋಣೆಯಲ್ಲಿ ಮಾಡಬೇಡಿ. ಎಳೆ ಮಗುವಿನ ಶ್ವಾಸನಾಳ ತೀರಾ ಸಣ್ಣದು. ನಮ್ಮ ಮನೆಗಳಲ್ಲಿ ಹೊಗೆ ಹೋಗಲು ಅಂಗಳವೂ ಇಲ್ಲ. ದೃಷ್ಟಿ ತೆಗೆಯಲೇಬೇಕು ಅಂದರೆ ಉಪ್ಪು ಇಳಿಸಿ ಸಿಂಕಿಗೆ ಹಾಕಿ. ಅತ್ತೆಯ ಮನಸ್ಸಿಗೂ ಸಮಾಧಾನ.

ನಾನು ಏನು ತಿನ್ನಬಾರದು?

ಆಲೂಗಡ್ಡೆ, ಬದನೆ, ಬೇಳೆ ಬಿಡಿಸಿ ಬಾಣಂತಿಗೆ ಬರೀ ಅನ್ನ ಮೆಣಸಿನ ಸಾರು ಕೊಡುವ ಮನೆಗಳಿವೆ. ನಿಮ್ಮ ಹೊಟ್ಟೆಯ ಗ್ಯಾಸ್ ಹಾಲಿಗೆ ಇಳಿಯುವುದಿಲ್ಲ. ಚೆನ್ನಾಗಿ ಊಟ ಮಾಡಿ. ಕಾಫಿ ದಿನಕ್ಕೆ ಒಂದೆರಡು ಲೋಟಕ್ಕೆ ನಿಲ್ಲಿಸಿ, ಕೆಫೀನ್ ಹಾಲಿಗೆ ಹೋಗುತ್ತದೆ. ಮಗುವಿನ ಮಲದಲ್ಲಿ ರಕ್ತ, ಮೈಮೇಲೆ ಒರಟು ಗಂಧೆ, ಪದೇ ಪದೇ ವಾಂತಿ ಇದ್ದರೆ ಹಸುವಿನ ಹಾಲಿನ ಅಲರ್ಜಿ ಇರಬಹುದು. ಆಗ ಡಾಕ್ಟರ್ ನಿಮಗೆ ಎರಡು ವಾರ ಹಾಲು ಮೊಸರು ಬಿಟ್ಟು ನೋಡಲು ಹೇಳಬಹುದು. ನೀವೇ ಬಿಡಬೇಡಿ.

ಆರು ವಾರದ ಲಸಿಕೆ ಹಾಕಿಸಿದ ಮೇಲೇ ಜಾಸ್ತಿಯಾಯಿತು. ಅದರಿಂದಲೇನಾ?

ಕೋಲಿಕ್ ಏರುವ ವಾರವೂ ಆರು, ಲಸಿಕೆಯ ವಾರವೂ ಆರು. ಲಸಿಕೆಯಿಂದ ಒಂದೆರಡು ದಿನ ಮೈಕೈ ನೋವು, ಸಣ್ಣ ಜ್ವರ ಬರಬಹುದು. ತಿಂಗಳುಗಟ್ಟಲೆಯ ಸಂಜೆಯ ಅಳು ಅದರಿಂದ ಬರುವುದಿಲ್ಲ. 10 ಮತ್ತು 14ನೇ ವಾರದ್ದನ್ನು ತಪ್ಪಿಸಬೇಡಿ.

ಯಾವಾಗ ಕೂಡಲೇ ಆಸ್ಪತ್ರೆಗೆ ಓಡಬೇಕು?

ಮೂರು ತಿಂಗಳೊಳಗಿನ ಮಗುವಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಮೇಲೆ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಹಸಿರು ವಾಂತಿ, ಮಲದಲ್ಲಿ ರಕ್ತ, ಊದಿ ಬಿಗಿದ ಹೊಟ್ಟೆ, ಉಬ್ಬಿದ ನೆತ್ತಿ, ಉಸಿರಾಟದಲ್ಲಿ ಏದುಸಿರು, ಎದೆಗೇ ಬಾಯಿ ಹಾಕದಿರುವುದು, ಎಬ್ಬಿಸಿದರೂ ಏಳದ ಮಂಪರು, ಉಚ್ಚೆ ಕಡಿಮೆಯಾಗುವುದು, ಕೂಡಲೇ ಹೊರಡಿ. ಅಳುವಿನ ಧಾಟಿಯೇ ಬದಲಾಗಿ ಕೀರಲು ಅಥವಾ ತೀರಾ ಕ್ಷೀಣ ಅನ್ನಿಸಿದರೂ ಹೋಗಿ. ಮಗು ಬಿದ್ದಿದ್ದರೆ ಹೇಳದೆ ಮುಚ್ಚಿಡಬೇಡಿ. ಮಹಾರಾಷ್ಟ್ರದಲ್ಲಿ 108ಕ್ಕೆ ಫೋನ್ ಮಾಡಿದರೆ ಆಂಬ್ಯುಲೆನ್ಸ್ ಬರುತ್ತದೆ. ಮುಂಬೈಯಲ್ಲಿ ಪರೇಲಿನ ವಾಡಿಯಾ ಮಕ್ಕಳ ಆಸ್ಪತ್ರೆ, ಕೆಇಎಂ, ಸಾಯನ್ ಆಸ್ಪತ್ರೆ ಇವೆ. ಆದರೆ ದೊಡ್ಡ ಆಸ್ಪತ್ರೆಯೇ ಬೇಕು ಅಂತ ಹೊತ್ತು ಕಳೆಯಬೇಡಿ, ಹತ್ತಿರದ್ದಕ್ಕೆ ಮೊದಲು ಹೋಗಿ.

ನಾನು ಊರಿಂದ ಬಂದು ಎರಡೇ ವರ್ಷ. ಡಾಕ್ಟರಿಗೆ ಮರಾಠಿ, ಹಿಂದಿಯಲ್ಲಿ ಹೇಗೆ ಹೇಳಲಿ?

ಮಗು ಅಳುವಾಗ ಒಂದು ನಿಮಿಷದ ವೀಡಿಯೊ ಮಾಡಿಟ್ಟುಕೊಳ್ಳಿ. ಡಾಕ್ಟರ ಎದುರು ಮಗು ಹೆಚ್ಚಾಗಿ ನಗುತ್ತಾ ಮಲಗಿರುತ್ತದೆ. ಮೂರು ದಿನ ಎಷ್ಟರಿಂದ ಎಷ್ಟು ಗಂಟೆಗೆ ಅತ್ತಿತು, ಎಷ್ಟು ಸಲ ಕುಡಿಯಿತು ಅಂತ ಬರೆದುಕೊಳ್ಳಿ. ಮರಾಠಿಯಲ್ಲಿ ಜ್ವರಕ್ಕೆ ತಾಪ್, ವಾಂತಿಗೆ ಉಲ್ಟಿ, ಮಲಕ್ಕೆ ಶೀ, ಉಚ್ಚೆಗೆ ಶೂ, ತೂಕಕ್ಕೆ ವಜನ್. "ಬಾಳ್ ಖೂಪ್ ರಡತಂ" ಅಂದರೆ ಮಗು ತುಂಬಾ ಅಳುತ್ತದೆ. ಇಷ್ಟಿದ್ದರೆ ಸಾಕು.

ಒಂದೊಂದು ಸಲ ಮಗುವಿನ ಮೇಲೇ ಸಿಟ್ಟು ಬರುತ್ತದೆ. ನಾನು ಕೆಟ್ಟ ತಾಯಿಯಾ?

ಅಲ್ಲ. ನಿದ್ದೆಗೆಟ್ಟ ಯಾರಿಗೂ ಬರುತ್ತದೆ. ಆ ಗಳಿಗೆಯಲ್ಲಿ ಮಗುವನ್ನು ತೊಟ್ಟಿಲಲ್ಲೋ ನೆಲದ ಹಾಸಿಗೆಯಲ್ಲೋ ಅಂಗಾತ ಮಲಗಿಸಿ, ಬಾಗಿಲು ಎಳೆದುಕೊಂಡು ಗ್ಯಾಲರಿಗೆ ಹೋಗಿ. ಹತ್ತು ನಿಮಿಷ ನೀರು ಕುಡಿದು ಉಸಿರಾಡಿ ಬನ್ನಿ. ಅಷ್ಟರಲ್ಲಿ ಮಗುವಿಗೆ ಏನೂ ಆಗುವುದಿಲ್ಲ. ಆದರೆ ಮಗುವನ್ನು ಯಾವತ್ತೂ ಹಿಡಿದು ಅಲುಗಾಡಿಸಬೇಡಿ. ಕೆಲವೇ ಕ್ಷಣ ಜೋರಾಗಿ ಅಲುಗಿದರೂ ಮಿದುಳಿನಲ್ಲಿ ರಕ್ತಸ್ರಾವ ಆಗುತ್ತದೆ. ಮಗು ನೋಡಿಕೊಳ್ಳುವ ಹೆಂಗಸಿಗೂ ಇದನ್ನು ಬಾಯಿಬಿಟ್ಟು ಹೇಳಿ.

ಹೆರಿಗೆಯಾಗಿ ಎರಡು ವಾರ ದಾಟಿದರೂ ನಿಮಗೇ ಅಳು ಬರುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು, ಸಾಯಬೇಕು ಅನ್ನಿಸುವುದು ಇದ್ದರೆ ಅದಕ್ಕೆ ಚಿಕಿತ್ಸೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಗಂಡ ಬೆಳಗ್ಗೆ ಲೋಕಲ್ ಹಿಡಿಯಬೇಕು. ರಾತ್ರಿ ಅವರನ್ನು ಎಬ್ಬಿಸಲಾ?

ಎಬ್ಬಿಸಿ. ಪಾಳಿ ಹಾಕಿಕೊಳ್ಳಿ. ಅವರು ಬಂದು ಕೈಕಾಲು ತೊಳೆದ ಮೇಲೆ ಒಂಬತ್ತರಿಂದ ಹನ್ನೊಂದು ಅವರ ಪಾಳಿ, ಆಗ ನೀವು ಮಲಗಿ. ಪಕ್ಕದ ಮನೆಯವರಿಗೂ ಒಂದು ಮಾತು ಮೊದಲೇ ಹೇಳಿಡಿ: ಮಗುವಿಗೆ ಕೋಲಿಕ್ ಇದೆ, ಇನ್ನೆರಡು ತಿಂಗಳು. ನಮ್ಮ ಮುಲುಂಡಿನ ಪಕ್ಕದ ಮನೆಯ ಕಾಕೂಗೆ ಹಾಗೆ ಹೇಳಿದ್ದಕ್ಕೆ, ದಿನಾ ಎಂಟು ಗಂಟೆಗೆ ತಾವೇ ಬಂದು ಮಗುವನ್ನು ಎತ್ತಿಕೊಂಡು ನನ್ನನ್ನು ಊಟಕ್ಕೆ ಕೂರಿಸುತ್ತಿದ್ದರು.

ನಾಲ್ಕು ತಿಂಗಳಾದರೂ ನಿಂತಿಲ್ಲ.

ಡಾಕ್ಟರಿಗೆ ತೋರಿಸಿ. ಅಲರ್ಜಿ, ಮೂತ್ರದ ಸೋಂಕು, ಕಿವಿ ನೋವು ಏನಾದರೂ ಇದೆಯಾ ನೋಡಬೇಕು.

ಮಗುವನ್ನು ಊರಿಗೆ ಕರೆದುಕೊಂಡು ಹೋಗಬಹುದಾ?

ಹೋಗಬಹುದು. ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಮಧ್ಯಾಹ್ನ ಹೊರಡುವ ಮತ್ಸ್ಯಗಂಧದಲ್ಲಿ ಹೋಗುವುದಾದರೆ, ಅಳುವ ಹೊತ್ತಿಗೆ ಗಾಡಿ ಕೊಂಕಣದ ಸುರಂಗಗಳ ನಡುವೆ ಇರುತ್ತದೆ. ಆ ಕುಲುಕಾಟಕ್ಕೂ ಸದ್ದಿಗೂ ಎಷ್ಟೋ ಮಕ್ಕಳು ಮನೆಗಿಂತ ಬೇಗ ನಿದ್ದೆ ಹೋಗುತ್ತವೆ. ಕೆಳಗಿನ ಬರ್ತ್ ಕೇಳಿ ಪಡೆಯಿರಿ. ಮಗುವಿಗೆ ನಾಲ್ಕು ಜೊತೆ, ನಿಮಗೂ ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಎದುರಿನ ಸೀಟಿನವರಿಗೆ ಪನ್ವೇಲ್ ಬರುವ ಮೊದಲೇ ಹೇಳಿಬಿಡಿ.